ಮಲ್ಪೆಯ ಶಿಲಾದ್ವೀಪದಲ್ಲಿ ಒಂದು ಹಗಲು

ಪ್ರವಾಸಕ್ಕೆ ಹೊರಡುವವರಲ್ಲಿ ಎರಡು ಬಗೆಯವರುಂಟು. ಕೆಲವರಿಗೆ ಬೆಟ್ಟ ಬೇಕು. ಕೆಲವರಿಗೆ ನೀರು ಬೇಕು. ಈ ಎರಡು ಪಕ್ಷದವರೂ ಒಂದೇ ಮನೆಯಲ್ಲಿದ್ದರೆ ರಜೆಯು ಬರುವುದಕ್ಕೆ ಹದಿನೈದು ದಿನ ಮೊದಲೇ ವಾದವಿವಾದಗಳು ಆರಂಭವಾಗುತ್ತವೆ. ನಮ್ಮ ಜಯನಗರದ ಮನೆಯ ಸ್ಥಿತಿಯೂ ಇದೇ. ಹದಿನಾಲ್ಕು ವರ್ಷದ ಮಗನಿಗೆ ಬಂಡೆಯೊಂದು ಕಣ್ಣಿಗೆ ಬಿದ್ದರೆ ಅದನ್ನು ಹತ್ತಿದ ಹೊರತು ಸಮಾಧಾನವಿಲ್ಲ. ಒಂಬತ್ತು ವರ್ಷದ ಮಗಳಿಗೆ ಮರಳು, ಕಪ್ಪೆಚಿಪ್ಪು, ಅಲೆ ಇಷ್ಟಿದ್ದರೆ ಬೇರೇನೂ ಬೇಡ. ಎಪ್ಪತ್ತಾರು ವರ್ಷದ ನಮ್ಮ ತಾಯಿಯವರು ಮಾತ್ರ ಯಾವ ಪಕ್ಷಕ್ಕೂ ಸೇರದೆ, "ನೀವೆಲ್ಲ ಹೋಗಿಬನ್ನಿ, ಮನೆಯನ್ನು ನಾನು ನೋಡಿಕೊಳ್ಳುತ್ತೇನೆ" ಎಂದುಬಿಡುತ್ತಾರೆ. ಮಂಡಿಯ ನೋವು ಬಂದ ಮೇಲೆ ಇದು ಅವರ ವಾಡಿಕೆಯ ಉತ್ತರವಾಗಿದೆ.

ಹೀಗಿರಲು, ನಮ್ಮ ಬೀದಿಯ ಹಿರಿಯ ದಂಪತಿಗಳೊಬ್ಬರು ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದವರು ಹವಾಯಿ ದ್ವೀಪಗಳನ್ನೂ ನೋಡಿಕೊಂಡು ಬಂದರು. ಅಲ್ಲಿಯ ಹೊನೊಲುಲು ಪಟ್ಟಣದ ಅಂಚಿನಲ್ಲಿ ಡೈಮಂಡ್ ಹೆಡ್ ಎಂಬ ಒಂದು ಆರಿದ ಅಗ್ನಿಪರ್ವತವುಂಟು. ಅದರ ಬಾಯಿಯು ಸುಮಾರು ಒಂದು ಕಿಲೋಮೀಟರು ಅಗಲದ ಬಟ್ಟಲಿನಂತಿದೆ. ಬಟ್ಟಲಿನ ಒಳಗಿನಿಂದ ಅದರ ಅಂಚಿನ ತುದಿಗೆ ೧೯೦೮ರಲ್ಲಿ ಸೈನ್ಯದವರು ತೀರದ ಕಾವಲಿಗಾಗಿ ಒಂದು ಕಾಲುದಾರಿಯನ್ನು ಮಾಡಿದರು. ಈಗ ಅದೇ ದಾರಿಯಲ್ಲಿ ಪ್ರವಾಸಿಗಳು ೨೩೨ ಮೀಟರು ಎತ್ತರದ ತುದಿಗೇರಿ, ಕೆಳಗಿನ ವೈಕೀಕೀ ಕಡಲತೀರವನ್ನು ನೋಡುತ್ತಾರೆ. ಬೆಳಗ್ಗೆ ಅಗ್ನಿಪರ್ವತ, ಮಧ್ಯಾಹ್ನ ಸಮುದ್ರ. ದಿನವೆಲ್ಲ ಜೊತೆಯಲ್ಲಿರುವುದಕ್ಕೆ ತಮಗಾಗಿಯೇ ಗೊತ್ತುಮಾಡಿಕೊಂಡ ಒಬ್ಬ ಮಾರ್ಗದರ್ಶಿ. ಈ ವರ್ಣನೆಯನ್ನು ಕೇಳಿದ ನಮ್ಮ ಮಕ್ಕಳಿಬ್ಬರೂ, ಜೀವಮಾನದಲ್ಲಿ ಮೊದಲ ಬಾರಿಗೆಂಬಂತೆ ಒಂದೇ ಪಕ್ಷಕ್ಕೆ ಸೇರಿ, "ನಮ್ಮ ದೇಶದಲ್ಲಿ ಇಂಥದಿಲ್ಲವೇ?" ಎಂದು ಕೇಳಿದರು.

ಪ್ರಶ್ನೆಯು ನ್ಯಾಯವಾದದ್ದೇ. ಇಂದಿಗೂ ಬೆಂಕಿಯುಗುಳುವ ಪರ್ವತವು ಭಾರತದಲ್ಲಿ ಒಂದೇ ಒಂದು. ಅದು ಅಂಡಮಾನ್ ಸಮುದ್ರದ ಬ್ಯಾರೆನ್ ದ್ವೀಪ, ಜನವಸತಿಯಿಲ್ಲದ ಸ್ಥಳ. ಮಹಾರಾಷ್ಟ್ರದ ಲೋಣಾರಿನಲ್ಲಿರುವ ದುಂಡನೆಯ ಮಹಾಕುಳಿಯು ಆಕಾಶದಿಂದ ಬಿದ್ದ ಉಲ್ಕೆಯಿಂದಾದುದೇ ಹೊರತು ಭೂಮಿಯ ಬೆಂಕಿಯಿಂದಾದುದಲ್ಲ. ಕರ್ನಾಟಕದಲ್ಲಿ ಹತ್ತಿ ಇಳಿಯುವುದಕ್ಕೆ ಅಗ್ನಿಪರ್ವತದ ಬಾಯಿ ಉಳಿದಿಲ್ಲ. ಆದರೆ ಅಂಥ ಬೆಂಕಿಯ ಕೆಲಸವು ಕಡಲ ನಡುವೆಯೇ ನಿಂತಿರುವ ಸ್ಥಳವೊಂದುಂಟು. ಉಡುಪಿಗೆ ಸಮೀಪದ ಮಲ್ಪೆಯ ಎದುರಿನಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳೇ ಅವು. ಆ ಕಡೆಯ ಜನರು ಅವುಗಳನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಡಿಸೆಂಬರಿನ ರಜೆಯಲ್ಲಿ ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದೆವು.

ಹೊರಡುವುದಕ್ಕೆ ಮೊದಲು ಒಂದು ಭಾನುವಾರ ಮಕ್ಕಳನ್ನು ಲಾಲ್‌ಬಾಗಿನ ಬಂಡೆಗೆ ಕರೆದುಕೊಂಡು ಹೋದೆವು. ದಕ್ಷಿಣ ಬೆಂಗಳೂರಿನ ನಿವಾಸಿಗಳಾದ ನಮಗೆ ಕಲ್ಲು ಹೊಸತಲ್ಲ. ಬಸವನಗುಡಿಯಲ್ಲಿ ಕಹಳೆಬಂಡೆ, ಬನಶಂಕರಿಯಿಂದ ಮುಂದೆ ತುರಹಳ್ಳಿಯ ಗುಡ್ಡ, ಜಯನಗರದ ಒಂಬತ್ತನೆಯ ವಿಭಾಗದಲ್ಲಿ ರಾಗಿಗುಡ್ಡ, ಹೀಗೆ ನಮ್ಮ ಸುತ್ತಲೂ ಬಂಡೆಗಳೇ. ಸೊಸೆಯು ದಾನಮಾಡಬೇಕೆಂದ ರಾಗಿಯನ್ನು ಅತ್ತೆಯು ತಡೆಯಲು, ಆ ರಾಶಿಯೇ ಕಲ್ಲಾಯಿತೆಂಬ ಕಥೆಯನ್ನು ರಾಗಿಗುಡ್ಡದ ಮೆಟ್ಟಿಲುಗಳ ಮೇಲೆ ಕೇಳದ ಮಗುವು ನಮ್ಮ ಕಡೆ ಇರಲಾರದು. ಆದರೆ ಕೆಂಪೇಗೌಡರ ಗೋಪುರವನ್ನು ಹೊತ್ತುನಿಂತಿರುವ ಲಾಲ್‌ಬಾಗಿನ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷಗಳ ವಯಸ್ಸೆಂಬುದನ್ನು ಅಲ್ಲಿ ದಿನವೂ ಗಾಳಿಸಂಚಾರ ಮಾಡುವವರೆಲ್ಲರೂ ಮನಸ್ಸಿಗೆ ತಂದುಕೊಂಡಿರಲಾರರು. ಈ ಜಾತಿಯ ಶಿಲೆಗೆ ೧೯೧೬ರಲ್ಲಿ ಮೈಸೂರು ಸಂಸ್ಥಾನದ ಭೂಗರ್ಭಶಾಖೆಯ ಸ್ಮೀತ್ ಎಂಬವರು 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟರು. ದೇಶದ ಭೂವಿಜ್ಞಾನ ಸರ್ವೇಕ್ಷಣೆಯವರು ಕರ್ನಾಟಕದಲ್ಲಿ ರಾಷ್ಟ್ರೀಯ ಶಿಲಾಸ್ಮಾರಕಗಳೆಂದು ಗುರುತಿಸಿರುವ ನಾಲ್ಕು ಸ್ಥಳಗಳಲ್ಲಿ ಲಾಲ್‌ಬಾಗಿನ ಬಂಡೆಯೊಂದು, ಮಲ್ಪೆಯ ದ್ವೀಪವೊಂದು. ಉಳಿದ ಎರಡು ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿಯೂ ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿಯೂ ಇವೆ. ಹೀಗೆ ಒಂದು ಸ್ಮಾರಕವನ್ನು ತುಳಿದು ಮತ್ತೊಂದನ್ನು ನೋಡುವುದಕ್ಕೆ ಸಿದ್ಧರಾದೆವು.

ಮಾರ್ಗದರ್ಶಿಯ ಅಗತ್ಯವೇನೆಂದು ನೆಂಟರಲ್ಲಿ ಕೆಲವರು ನಕ್ಕರು. ಅರ್ಧ ಕಿಲೋಮೀಟರು ಉದ್ದದ ದ್ವೀಪದಲ್ಲಿ ದಾರಿ ತಪ್ಪುವವರುಂಟೇ ಎಂಬುದು ಅವರ ವಾದ. ನಮ್ಮ ಚಿಂತೆಯು ದಾರಿಯದಾಗಿರಲಿಲ್ಲ, ತಾಯಿಯವರದಾಗಿತ್ತು. ಕೋಲಾರದ ಕಡೆಯ ಬಯಲುಸೀಮೆಯಲ್ಲಿ, ಕೆರೆ ತುಂಬಿದ ವರ್ಷವನ್ನು ಹಬ್ಬದಂತೆ ನೆನೆಯುವ ಊರಿನಲ್ಲಿ, ಹುಟ್ಟಿ ಬೆಳೆದವರು ಅವರು. ಮದುವೆಯಾದ ಹೊಸತರಲ್ಲಿ ಅತ್ತೆಮಾವಂದಿರೊಡನೆ ರಾಮೇಶ್ವರಕ್ಕೆ ಹೋಗಿದ್ದಾಗ ದೂರದಿಂದ ಕಡಲನ್ನು ಕಂಡಿದ್ದರಂತೆ. ಮತ್ತೆ ಸಂದರ್ಭ ಒದಗಲಿಲ್ಲ. ಈ ಸಲವೂ ಮನೆಯಲ್ಲಿಯೇ ಉಳಿಯುವೆನೆಂದು ಹೇಳಿದವರು, ಎರಡು ದಿನ ಕಳೆದ ಮೇಲೆ, ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತ, "ಕಾಲು ಇನ್ನೂ ನಡೆಯುತ್ತಿರುವಾಗಲೇ ಒಂದು ಸಲ ಸಮುದ್ರದ ನೀರಿನಲ್ಲಿ ನಿಂತುಬಿಡಬೇಕು ಎಂದು ಆಸೆ. ಆದರೆ ನಿಮಗೆ ಭಾರವಾಗಬಾರದು" ಎಂದರು. ಆ ಮಾತು ಬಂದ ಮೇಲೆ ಅವರನ್ನು ಬಿಟ್ಟು ಹೋಗುವ ಪ್ರಶ್ನೆಯೇ ಇರಲಿಲ್ಲ. ಉಡುಪಿಯ ಪರಿಚಿತರ ಮೂಲಕ ಮಲ್ಪೆಯವನೇ ಆದ ಒಬ್ಬ ಯುವಕನನ್ನು ಗೊತ್ತುಮಾಡಿದೆವು. ಮೊಗವೀರರ ಮನೆತನ, ತಂದೆಯು ಮೀನುಗಾರಿಕೆಯಲ್ಲಿ ನುರಿತವನು, ಮಗನು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿದವನು. ದೂರವಾಣಿಯಲ್ಲಿ ಮಾತನಾಡಿದಾಗ ಅವನು ಮೊದಲು ಕೇಳಿದ್ದು ನಮ್ಮ ಹೆಸರನ್ನಲ್ಲ; ಎಷ್ಟು ಜನ, ಯಾರ ವಯಸ್ಸು ಎಷ್ಟು, ಯಾರಿಗೆ ಮೆಟ್ಟಿಲಿಳಿಯುವುದು ಕಷ್ಟ, ಈಜು ಬಲ್ಲೆನೆಂಬ ಧೈರ್ಯ ಯಾರಿಗಿದೆ ಎಂಬುದನ್ನು. ಕಡೆಯ ಪ್ರಶ್ನೆಯ ಅರ್ಥವು ನಮಗೆ ಆಮೇಲೆ ತಿಳಿಯಿತು.

ಬೆಂಗಳೂರಿನಿಂದ ಉಡುಪಿಗೆ ಸುಮಾರು ನಾನೂರು ಕಿಲೋಮೀಟರು. ರಾತ್ರಿಯ ರೈಲು ಹಾಸನ, ಸಕಲೇಶಪುರಗಳನ್ನು ದಾಟಿ ಘಟ್ಟವನ್ನಿಳಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ೫೫ ಕಿಲೋಮೀಟರಿನಲ್ಲಿ ೫೭ ಸುರಂಗಗಳಿವೆ. ಕತ್ತಲಲ್ಲಿ ಅವುಗಳನ್ನು ಎಣಿಸುವೆನೆಂದು ಎಚ್ಚರವಾಗಿದ್ದ ಮಗನು ಹನ್ನೊಂದನೆಯದರಲ್ಲಿ ನಿದ್ರೆಹೋದನು. ಬೆಳಗಾಗುವಷ್ಟರಲ್ಲಿ ಗಾಳಿಯು ಬೇರೆಯಾಗಿತ್ತು. ತೆಂಗಿನ ತೋಟಗಳು, ಕೆಂಪು ಮುರಕಲ್ಲಿನ ಗೋಡೆಗಳು, ಹೆಂಚಿನ ಮನೆಗಳು ಕಿಟಕಿಯಲ್ಲಿ ಓಡುತ್ತಿದ್ದವು. ಉಡುಪಿಯಲ್ಲಿ ಸ್ನಾನ, ಶ್ರೀಕೃಷ್ಣದರ್ಶನ, ಬಿಸಿ ಇಡ್ಲಿ, ಗೋಳಿಬಜೆ ಇವುಗಳನ್ನು ಮುಗಿಸಿ ಮಲ್ಪೆಗೆ ಬಂದೆವು.

ಮಲ್ಪೆಯು ಕರ್ನಾಟಕದ ದೊಡ್ಡ ಮೀನುಗಾರಿಕೆಯ ಬಂದರುಗಳಲ್ಲೊಂದು. ಬಣ್ಣಬಣ್ಣದ ದೋಣಿಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ದಕ್ಕೆಯ ಮೇಲೆ ಬುಟ್ಟಿಗಳ ಸಾಲು, ಹೆಂಗಸರ ಗಟ್ಟಿ ಕಂಠದ ಏಲಕೂಗು, ಮಂಜುಗಡ್ಡೆಯ ಸದ್ದು. ನಮ್ಮ ತಾಯಿಯವರಿಗೆ ಮೀನಿನ ವಾಸನೆಯು ಹೊಸತು. ಆದರೂ ಸೆರಗನ್ನು ಮೂಗಿಗೆ ಒತ್ತಲಿಲ್ಲ. ಮಾರ್ಗದರ್ಶಿಯು ಕೈತೋರಿ, ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿಯಿದೆಯೆಂದು ಹೇಳಿದನು. ಕೂಡಲೇ ಅವರು ಮಕ್ಕಳಿಗೆ ಕಥೆಯನ್ನು ಎತ್ತಿಕೊಂಡರು: ಬಿರುಗಾಳಿಗೆ ಸಿಕ್ಕಿದ ಹಡಗನ್ನು ಶ್ರೀಮಧ್ವಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ದಡಕ್ಕೆ ತಂದದ್ದು, ಹಡಗಿನವನು ಏನು ಬೇಕಾದರೂ ಕೇಳಿರೆಂದಾಗ ಭಾರಕ್ಕೆಂದು ಇಟ್ಟಿದ್ದ ಗೋಪೀಚಂದನದ ಗಡ್ಡೆಗಳನ್ನಷ್ಟೇ ಬೇಡಿದ್ದು, ಅವುಗಳೊಳಗಿಂದ ಕೃಷ್ಣನೂ ಬಲರಾಮನೂ ಹೊರಬಂದದ್ದು. ಮನೆಯ ಜಗಲಿಯಲ್ಲಿ ನೂರು ಸಲ ಹೇಳಿದ ಕಥೆಯಾದರೂ, ಆ ಕಡಲನ್ನೇ ಎದುರಿಗಿಟ್ಟುಕೊಂಡು ಹೇಳುವಾಗ ಅವರ ಧ್ವನಿಯು ಸ್ವಲ್ಪ ತಗ್ಗಿತು.

ದೋಣಿಯನ್ನು ಹತ್ತುವ ಮೊದಲು ಯುವಕನು ದೋಣಿಯವರೊಡನೆ ತುಳುವಿನಲ್ಲಿ ಬಹಳ ಹೊತ್ತು ಮಾತನಾಡಿದನು. ಬಳಿಕ ನಮ್ಮ ಬಳಿಗೆ ಬಂದು, "ಹತ್ತುವುದು ಕಷ್ಟವಲ್ಲ ಅಮ್ಮಾ. ಅಲ್ಲಿ ಇಳಿಯುವ ಜಾಗವೇ ಕಷ್ಟ. ಈಗ ಕಡಲು ಶಾಂತವಿದೆ. ಅಲ್ಲಿ ಹೋದ ಮೇಲೆ ದೋಣಿ ತುಂಬಾ ತೂಗುತ್ತಿದ್ದರೆ ನೀವು ಇಳಿಯುವುದು ಬೇಡ. ದೋಣಿಯಲ್ಲೇ ನಾವಿಬ್ಬರೂ ಹಿಂದಕ್ಕೆ ಬರುವ. ಒಪ್ಪಿಗೆಯಾದರೆ ಮಾತ್ರ ಹತ್ತಿ" ಎಂದನು. ಇಷ್ಟು ದೂರ ಬಂದು ಹೀಗೆಂದರೆ ಹೇಗೆ ಎಂದು ನಮಗೆ ಮನಸ್ಸಿನಲ್ಲಿ ಕಸಿವಿಸಿಯಾಯಿತು. ತಾಯಿಯವರು ಮಾತ್ರ ಕ್ಷಣವೂ ಯೋಚಿಸದೆ, "ಒಪ್ಪಿದೆನಪ್ಪಾ. ನೀನು ಬೇಡವೆಂದರೆ ಬೇಡ" ಎಂದು ಅವನ ಕೈಹಿಡಿದು ದೋಣಿಯನ್ನೇರಿದರು.

ದ್ವೀಪವು ತೀರದಿಂದ ಸುಮಾರು ಆರು ಕಿಲೋಮೀಟರು ದೂರ. ಅರ್ಧ ಗಂಟೆಯ ಪಯಣ. ಮೊದಲು ತೆಂಗಿನ ತಲೆಗಳು ಮಾತ್ರ ನೀರಿನಿಂದ ಎದ್ದಂತೆ ಕಂಡು, ಬರಬರುತ್ತ ಅವುಗಳ ಬುಡದಲ್ಲಿ ಕಪ್ಪು ಗೆರೆಯೊಂದು ಮೂಡಿತು. ಇಲ್ಲಿರುವ ಮುಖ್ಯ ದ್ವೀಪಗಳು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾಬಹಾದ್ದೂರಗಡ, ದಕ್ಷಿಣ ದ್ವೀಪ. ದರಿಯಾಬಹಾದ್ದೂರಗಡವು ಬಿದನೂರಿನ ಅರಸರ ಕಾಲದ ಕೋಟೆಯಿಂದ ಹೆಸರಾದುದು. ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪದಲ್ಲಿ. ಅದು ಸುಮಾರು ಐನೂರು ಮೀಟರು ಉದ್ದ, ನೂರು ಮೀಟರು ಅಗಲ. ಅತ್ಯಂತ ಎತ್ತರದ ಜಾಗವೂ ಕಡಲಿನಿಂದ ಹತ್ತು ಮೀಟರಿಗೆ ಮೀರದು.

ಸೇಂಟ್ ಮೇರಿಯ ಹೆಸರು ಹೇಗೆ ಬಂದಿತೆಂದು ಮಗಳು ಕೇಳಿದಳು. ೧೪೯೮ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಕಲ್ಲುಕಂಬವನ್ನು ನೆಟ್ಟು, ಅದಕ್ಕೆ ಮೇರಿಮಾತೆಯ ಹೆಸರಿಟ್ಟನು. ಅವನು ಭಾರತಕ್ಕೆ ಬರುವಾಗಲೇ ಮೊದಲು ಇಲ್ಲಿ ಇಳಿದನೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಆ ಯಾತ್ರೆಯಲ್ಲಿದ್ದವನೊಬ್ಬನ ದಿನಚರಿಯ ಪ್ರಕಾರ, ಮೇ ತಿಂಗಳಲ್ಲಿ ಕೋಳಿಕೋಡೆಯನ್ನು ಮುಟ್ಟಿ, ಅಲ್ಲಿಂದ ಉತ್ತರಕ್ಕೆ ಹಿಂದಿರುಗುವಾಗ ಸೆಪ್ಟೆಂಬರಿನಲ್ಲಿ ಈ ಕಂಬವನ್ನು ನೆಡಲಾಯಿತು. ಪೋರ್ಚುಗಲ್ಲಿನ ದೊರೆಯು ನೆಡುವುದಕ್ಕೆಂದು ಕೊಟ್ಟು ಕಳುಹಿಸಿದ್ದ ಮೂರು ಕಂಬಗಳಲ್ಲಿ ಇದೊಂದು. ಮನುಷ್ಯನು ಒಂದು ಕಂಬವನ್ನು ನೆಟ್ಟು ಹೆಸರಿಟ್ಟು ಹೋದ ಜಾಗದಲ್ಲಿ ಭೂಮಿಯು ಅದಕ್ಕೆ ಕೋಟ್ಯಂತರ ವರ್ಷ ಮೊದಲೇ ಸಾವಿರಾರು ಕಂಬಗಳನ್ನು ನೆಟ್ಟಿತ್ತು.

ಇಳಿಯುವ ಜಾಗ ಬಂದಿತು. ದೋಣಿಯು ಏಳುತ್ತ ಬೀಳುತ್ತ ಇದ್ದಿತು. ಯುವಕನು ಮೊದಲು ತಾನು ಇಳಿದು, ನಾಲ್ಕೈದು ಅಲೆಗಳನ್ನು ಸುಮ್ಮನೆ ನೋಡಿದನು. ನಮ್ಮ ಎದೆಯು ಹೊಡೆದುಕೊಳ್ಳುತ್ತಿತ್ತು. "ಆಗಬಹುದು" ಎಂದನು. ದೋಣಿಯವರಿಬ್ಬರು ಕೈಕೈ ಹೆಣೆದು ಪೀಠದಂತೆ ಮಾಡಿ ತಾಯಿಯವರನ್ನು ಎತ್ತಿಕೊಳ್ಳಲು ಬಂದರು. ಅವರು, "ಎತ್ತಬೇಡಿ, ಹಿಡಿದುಕೊಳ್ಳಿ ಸಾಕು" ಎಂದು ಒಬ್ಬನ ಹೆಗಲ ಮೇಲೆ ಕೈಯಿಟ್ಟು, ದೋಣಿಯು ಕೆಳಗಿಳಿದ ಗಳಿಗೆಯನ್ನು ಯುವಕನು ಕೂಗಿ ಹೇಳುತ್ತಲೇ, ಕಾಲನ್ನು ಮುಂದಿಟ್ಟುಬಿಟ್ಟರು. ಸುತ್ತಲಿದ್ದ ಅಪರಿಚಿತರು ಚಪ್ಪಾಳೆ ತಟ್ಟಿದರು. ಅವರಿಗೆ ನಾಚಿಕೆಯಾಗಿ ಸೆರಗನ್ನು ಸರಿಮಾಡಿಕೊಂಡರು.

ತೆಂಗಿನ ಮರಗಳ ನೆರಳನ್ನು ದಾಟಿ ಪಡುವಣ ಬದಿಗೆ ಬಂದೊಡನೆ ಮಕ್ಕಳ ಬಾಯಿ ಕಟ್ಟಿತು. ಕಪ್ಪು ಕಂಬಗಳು ಸಾಲುಸಾಲಾಗಿ, ಒಂದಕ್ಕೊಂದು ಅಂಟಿಕೊಂಡು, ಕೆಲವು ನೆಟ್ಟಗೆ, ಕೆಲವು ಓರೆಯಾಗಿ, ಕೆಲವು ಮೊಣಕಾಲೆತ್ತರ, ಕೆಲವು ಆರು ಮೀಟರಿನವರೆಗೂ ಎದ್ದು ನಿಂತಿವೆ. ಮೇಲಿನಿಂದ ನೋಡಿದರೆ ಪ್ರತಿಯೊಂದರ ತಲೆಗೂ ಐದು, ಆರು ಅಥವಾ ಏಳು ಮೂಲೆಗಳು, ಆರರವೇ ಹೆಚ್ಚು. ಅಳತೆಗೋಲು ಹಿಡಿದು ಕಡೆದಂತಿರುವ ಅಂಚುಗಳು. ತಾಯಿಯವರು ಒಂದು ಗಳಿಗೆ ನೋಡಿ, "ಯಾರೋ ದೇವಸ್ಥಾನ ಕಟ್ಟಬೇಕೆಂದು ಕಂಬಗಳನ್ನು ತಂದು ಒಟ್ಟಿ, ಕೆಲಸ ನಿಂತುಹೋದಂತಿದೆ" ಎಂದರು. ಐರ್ಲೆಂಡಿನ ಉತ್ತರ ತೀರದಲ್ಲಿ ಇಂಥವೇ ಸುಮಾರು ನಾಲ್ವತ್ತು ಸಾವಿರ ಕಂಬಗಳಿದ್ದು, ದೈತ್ಯನೊಬ್ಬನು ಕಡಲನ್ನು ದಾಟಲು ಹಾಕಿದ ದಾರಿಯೆಂದು ಆ ಜನರು ಕಥೆ ಹೇಳುತ್ತಾರಂತೆ. ಕಲ್ಲಿನಲ್ಲಿ ಕ್ರಮವನ್ನು ಕಂಡರೆ ಕಟ್ಟಿದವನನ್ನು ಹುಡುಕುವುದು ಎಲ್ಲ ಮನುಷ್ಯರಿಗೂ ಸಹಜವೆಂದು ತೋರುತ್ತದೆ. ರಾಗಿಗುಡ್ಡದ ಕಥೆಯೂ ಇದೇ ವಂಶದ್ದು.

ಯುವಕನು ಕಥೆಯನ್ನು ಹಳಿಯಲಿಲ್ಲ. ಮಗಳನ್ನು ಹತ್ತಿರ ಕೂರಿಸಿಕೊಂಡು, "ಬೇಸಗೆಯಲ್ಲಿ ಕೆರೆ ಬತ್ತಿದಾಗ ಕೆಸರು ಹೇಗೆ ಒಡೆಯುತ್ತದೆ, ನೋಡಿದ್ದೀಯಾ?" ಎಂದನು. ಅವಳಿಗಿಂತ ಮೊದಲು ಅವಳ ಅಜ್ಜಿಯೇ, "ನೋಡದೆ ಏನು! ಜೇನುಗೂಡಿನ ಹಾಗೆ" ಎಂದರು. "ಹಾಗೆಯೇ ಇದೂ ಅಮ್ಮಾ. ಅದು ಒಣಗಿ ಕುಗ್ಗಿ ಒಡೆಯುತ್ತದೆ, ಇದು ತಣಿದು ಕುಗ್ಗಿ ಒಡೆದದ್ದು" ಎಂದು ಅವನು ವಿವರಿಸಿದನು. ಭೂಮಿಯೊಳಗಿಂದ ಉಕ್ಕಿದ ಕಲ್ಲಿನ ಪಾಕವು ಇಲ್ಲಿ ಹರಡಿತು. ಮೇಲ್ಮೈ ಮೊದಲು ತಣಿಯಿತು. ತಣಿದ ವಸ್ತುವು ಕುಗ್ಗಲೇಬೇಕು. ಆದರೆ ಅಗಲವಾಗಿ ಹರಡಿದ ಪಾಕಕ್ಕೆ ಒಂದೇ ಕಡೆಗೆ ಸರಿಯಲು ಎಡೆಯಿಲ್ಲ. ಆದುದರಿಂದ ಅಲ್ಲಲ್ಲೇ ಬಿರುಕುಬಿಟ್ಟಿತು. ಎಲ್ಲ ದಿಕ್ಕಿಗೂ ಸಮನಾಗಿ ಎಳೆತವಿರುವಲ್ಲಿ ಬಿರುಕುಗಳು ಕೂಡಿ ಆರು ಮೂಲೆಯ ಆಕಾರಕ್ಕೆ ಒಲಿಯುತ್ತವೆ. ತಂಪು ಒಳಗಿಳಿದಂತೆಲ್ಲ ಬಿರುಕೂ ಒಳಗಿಳಿಯಿತು. ಕೆರೆಯ ಕೆಸರಿನಲ್ಲಿ ಗೇಣುದ್ದ ಇಳಿಯುವುದು ಇಲ್ಲಿ ಆಳುದ್ದಕ್ಕೂ ಮೀರಿ ಇಳಿದು ಕಂಬಗಳಾಯಿತು. ಸುತ್ತಲಿನ ಮೃದುವಾದ ಭಾಗವನ್ನು ಕಡಲು ಯುಗಯುಗಗಳಿಂದ ಕಡಿದು ಒಯ್ದು, ಗಟ್ಟಿಯಾದುದನ್ನು ಬಿಟ್ಟಿದೆ.

ಈ ಪಾಕವು ಉಕ್ಕಿದ್ದು ಎಂಟರಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ. ಆಗ ನಮ್ಮ ಭೂಭಾಗವೂ, ಈಗ ಆಫ್ರಿಕೆಯ ಪಕ್ಕದಲ್ಲಿರುವ ಮಡಗಾಸ್ಕರವೂ ಒಂದಕ್ಕೊಂದು ಕೂಡಿಕೊಂಡಿದ್ದವು. ಅವೆರಡೂ ಬೇರೆಯಾದಾಗ ಸೀಳಿದ ಭೂಮಿಯಿಂದ ಈ ಬೆಂಕಿ ಹೊರಬಂದಿತೆಂದು ವಿಜ್ಞಾನಿಗಳು ತಿಳಿದಿದ್ದಾರೆ. ಇದೇ ಕಾಲದ ಅಗ್ನಿಶಿಲೆಗಳು ಮಡಗಾಸ್ಕರದಲ್ಲಿಯೂ ಹೇರಳವಾಗಿವೆ. ಅನಂತರ ನಮ್ಮ ಭೂಭಾಗವು ಉತ್ತರಕ್ಕೆ ತೇಲುತ್ತ ಹೋಗಿ ಏಷ್ಯಕ್ಕೆ ತಾಗಿತು, ಹಿಮಾಲಯವು ಎದ್ದಿತು. "ಹಾಗಾದರೆ ಇದು ಮನೆ ಪಾಲಾದಾಗ ಎದ್ದ ಗೋಡೆ" ಎಂದು ತಾಯಿಯವರು ಅಂದದ್ದನ್ನು ಕೇಳಿ ಯುವಕನು ನಕ್ಕು, ಇನ್ನು ಮುಂದೆ ತಾನೂ ಹಾಗೆಯೇ ಹೇಳುವೆನೆಂದನು. ಮಗನು ಮನಸ್ಸಿನಲ್ಲಿ ಲೆಕ್ಕ ಹಾಕಿ, ಲಾಲ್‌ಬಾಗಿನ ಬಂಡೆಯು ಇದಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು ಹಳೆಯದೆಂದು ಹೆಮ್ಮೆಯಿಂದ ಸಾರಿದನು. ಬೆಂಗಳೂರಿನವನೆಂಬ ಅಭಿಮಾನವು ಅವನಲ್ಲಿ ಅಷ್ಟು ಪ್ರಕಟವಾದದ್ದನ್ನು ನಾವು ಹಿಂದೆ ಕಂಡಿರಲಿಲ್ಲ.

ಆ ಅಭಿಮಾನವೇ ಮುಂದಿನ ಜಗಳಕ್ಕೂ ಕಾರಣವಾಯಿತು. ತುರಹಳ್ಳಿಯ ಬಂಡೆಗಳನ್ನು ಹತ್ತಿ ಅಭ್ಯಾಸವಾದ ಹುಡುಗ. ಕಡಲ ಕಡೆಗೆ ಚಾಚಿಕೊಂಡ ಕಂಬಗಳ ತುದಿಯಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳಬೇಕೆಂದು ಹಟಹಿಡಿದನು. ಯುವಕನು ಬೇಡವೆಂದನು. ನೀರು ಅಲ್ಲಿಂದ ಎರಡಾಳು ಕೆಳಗಿದೆ, ಶಾಂತವಾಗಿದೆ, ತನಗೆ ಈಜು ಬರುತ್ತದೆ ಎಂದು ಹುಡುಗನು ವಾದಿಸಿದನು. ಹಣ ಕೊಟ್ಟು ಕರೆತಂದವರ ಮಗನಿಗೆ ಹೀಗೆ ತಡೆಯೊಡ್ಡಲು ಎಷ್ಟೋ ಜನ ಹಿಂಜರಿಯುವರು. ಇವನು ಹಿಂಜರಿಯಲಿಲ್ಲ, ಗದರಿಸಲೂ ಇಲ್ಲ. "ಬಾ, ಮೊದಲು ಕಲ್ಲನ್ನು ಓದುವುದನ್ನು ಕಲಿ, ಮತ್ತೆ ನೀನೇ ಹೇಳು" ಎಂದು ಅವನನ್ನು ದೂರದಲ್ಲಿ ನಿಲ್ಲಿಸಿ ತೋರಿಸತೊಡಗಿದನು.

ಕಲ್ಲಿನ ಮೇಲೆ ಮೂರು ಪಟ್ಟಿಗಳಿದ್ದವು. ಮೇಲಿನದು ಒಣಗಿ ಬೂದುಬಣ್ಣ. ಅದರ ಸಂದುಗಳಲ್ಲಿ ಹುಲ್ಲು. ಅದರ ಕೆಳಗೆ ಕಪ್ಪು. ಅಲ್ಲಿ ಸಣ್ಣ ಸಣ್ಣ ಬಿಳಿಯ ಚಿಪ್ಪುಗಳು ಕಲ್ಲಿಗೆ ಕಚ್ಚಿಕೊಂಡಿದ್ದವು. ಎಲ್ಲಕ್ಕಿಂತ ಕೆಳಗೆ ಹಸುರು ಪಾಚಿ. "ಈ ಚಿಪ್ಪಿನೊಳಗಿನ ಜೀವಿಗೆ ಕಡಲ ನೀರು ಆಗಾಗ ತಾಗದಿದ್ದರೆ ಬದುಕುವುದಿಲ್ಲ. ಅದು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಕಡಲು ಬರುತ್ತದೆ. ಈಗ ಇಳಿತ, ಅದಕ್ಕೇ ನೀರು ಕೆಳಗಿದೆ. ನೀನು ನಿಲ್ಲುವೆನೆಂಬ ಕಲ್ಲನ್ನು ನೋಡು" ಎಂದನು. ಆ ಕಂಬದ ತಲೆಯ ತುಂಬ ಚಿಪ್ಪುಗಳಿದ್ದವು. ಹುಡುಗನು ಮಾತನಾಡಲಿಲ್ಲ. "ಹತ್ತು ಅಲೆ ಸಣ್ಣದು ಬರುತ್ತದೆ, ಹನ್ನೊಂದನೆಯದು ದೊಡ್ಡದೋ ಹನ್ನೆರಡನೆಯದು ದೊಡ್ಡದೋ, ನನ್ನ ಅಪ್ಪನಿಗೂ ಗೊತ್ತಿಲ್ಲ. ಒದ್ದೆ ಪಾಚಿಯ ಮೇಲೆ ಕಾಲು ಜಾರಿದರೆ ಈಜು ಏನು ಮಾಡೀತು? ಅಲೆ ನಿನ್ನನ್ನು ಕಲ್ಲಿಗೇ ಹೊಡೆಯುತ್ತದೆ" ಎಂದು ಅವನು ಮುಗಿಸಿದನು. ಈ ದ್ವೀಪದಲ್ಲಿ ಹಾಗೆ ಜಾರಿಬಿದ್ದು ಪ್ರಾಣ ಕಳೆದುಕೊಂಡ ತರುಣರುಂಟು. ಆದಕಾರಣವೇ ಈಗ ಕಾವಲಿನವರು ಸೀಟಿ ಹಿಡಿದು ನಿಂತಿರುತ್ತಾರೆ. ಸೀಟಿಯ ಸದ್ದಿಗೆ ಹಲವರು ಸಿಡುಕುವುದನ್ನು ಅಂದು ನಾವು ಕಂಡೆವು. ಕಾರಣವನ್ನು ಕಂಡ ನಮ್ಮ ಹುಡುಗನು ಸಿಡುಕಲಿಲ್ಲ. ಉಳಿದ ಹೊತ್ತೆಲ್ಲ ಕಂಡ ಕಂಡ ಕಲ್ಲಿನಲ್ಲಿ ಚಿಪ್ಪಿನ ಗೆರೆಯನ್ನು ಹುಡುಕುತ್ತ, ತಂಗಿಗೆ "ಇಲ್ಲಿ ನಿಲ್ಲಬಹುದು, ಅಲ್ಲಿ ಕೂಡದು" ಎಂದು ಅಪ್ಪಣೆ ಕೊಡುತ್ತ ನಡೆದನು.

ಒಣಗಿದ ಕಲ್ಲುಗಳ ಮೇಲೆಯೇ ದ್ವೀಪದ ಉದ್ದಕ್ಕೂ ನಡೆದು ಮೂಡಣ ಬದಿಗೆ ಮರಳಿದೆವು. ಬಯಲು ಕಡಲಿಗೆ ಬೆನ್ನಾದ ಆ ಬದಿಯಲ್ಲಿ ಅಲೆಗಳು ಸಣ್ಣವು. ತೀರದಲ್ಲಿ ಮರಳಿಗಿಂತ ಚಿಪ್ಪಿನ ಚೂರುಗಳೇ ಹೆಚ್ಚು. ಬಿಳಿ, ಹಳದಿ, ನಸುಗೆಂಪು, ನೀಲಿ, ಹೆಜ್ಜೆಯಿಟ್ಟರೆ ಗಾಜಿನ ಬಳೆಯಂತೆ ಸದ್ದು. ಮಗಳು ಕೈತುಂಬ ಆರಿಸಿಕೊಂಡು ಬಣ್ಣಬಣ್ಣವಾಗಿ ಸಾಲಿಟ್ಟಳು. ಮನೆಗೆ ಒಯ್ಯುವ ಮಾತು ಬಂದಾಗ ಯುವಕನು, ಬರುವವರೆಲ್ಲ ಒಂದೊಂದು ಹಿಡಿ ಒಯ್ದರೆ ಈ ತೀರವೇ ಉಳಿಯದೆಂದನು. ಅವಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಸಾಲನ್ನು ಅಲ್ಲಿಯೇ ಬಿಟ್ಟಳು.

ತಾಯಿಯವರ ಸರದಿ ಬಂದಿತು. ನೀರು ಮೊಣಕಾಲಿಗೂ ಬಾರದ ಸಮತಟ್ಟಾದ ಜಾಗವನ್ನು ಯುವಕನು ಮೊದಲು ತಾನೇ ತುಳಿದು ನೋಡಿದನು. ಅವರು ಚಪ್ಪಲಿಯನ್ನು ಬಿಟ್ಟು, ಕೈಮುಗಿದು, ಒಂದು ಬೊಗಸೆ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, ನೀರಿನೊಳಗೆ ನಿಂತರು. ಅಲೆಯು ಹಿಂದಕ್ಕೆ ಸರಿಯುವಾಗ ಕಾಲಡಿಯ ಚಿಪ್ಪು ಜಾರುವುದನ್ನು ಅನುಭವಿಸಿ ಮಗುವಿನಂತೆ ಕೂಗಿಕೊಂಡರು. ಆಮೇಲೆ ಏನೂ ಹೇಳಲಿಲ್ಲ. ಮೊಮ್ಮಕ್ಕಳು ಆಚೀಚೆ ಕೈಹಿಡಿದು ನಿಂತರು. ಎಷ್ಟು ಹೊತ್ತಾಯಿತೋ ತಿಳಿಯದು. ಯುವಕನು ನೀರಿನ ಬಣ್ಣವನ್ನು ನೋಡಿ, ಉಬ್ಬರವು ತಿರುಗಿದೆ, ಇಳಿಯುವ ಜಾಗದಲ್ಲಿ ದೋಣಿ ತೂಗುವ ಮೊದಲೇ ಹೊರಡಬೇಕೆಂದನು. "ಇನ್ನೊಂದೇ ಅಲೆ" ಎಂದರು ತಾಯಿಯವರು. ಒಂದು ಬಂದಿತು. "ಇನ್ನೊಂದು" ಎಂದರು. ಎರಡನೆಯದೂ ಬಂದು ಹೋದ ಮೇಲೆ ಅವನು ಮೃದುವಾಗಿ, "ಬೆಳಿಗ್ಗೆ ಒಪ್ಪಿಗೆ ಕೊಟ್ಟಿದ್ದೀರಲ್ಲ ಅಮ್ಮಾ" ಎಂದನು. ಅವರು ತಿರುಗಿ ಅವನ ಮುಖ ನೋಡಿ, "ಹೌದಪ್ಪಾ" ಎಂದು ದಡಕ್ಕೆ ಬಂದರು. ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿದ್ದರೆ ಏನಾಗುತ್ತಿತ್ತೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಊಟವೂ ವಿಶ್ರಾಂತಿಯೂ ಮಲ್ಪೆಯಲ್ಲಾದವು. ಸಂಜೆ ಅಲ್ಲಿಯ ಉದ್ದನೆಯ ಮರಳಿನ ಮೇಲೆ ಮಕ್ಕಳು ಕಂಬಗಳ ಕೋಟೆಯೊಂದನ್ನು ಕಟ್ಟಿದರು. ಆರು ಮೂಲೆ ಬರಬೇಕೆಂದು ಇಬ್ಬರೂ ಪಟ್ಟ ಶ್ರಮವು ನೋಡುವಂತಿತ್ತು. ಸೂರ್ಯನು ಮುಳುಗುವಾಗ ದ್ವೀಪದ ತೆಂಗುಗಳು ದಿಗಂತದಲ್ಲಿ ಚುಕ್ಕೆಗಳಂತೆ ಕಂಡವು.

ಹೋಗಬಯಸುವ ವಾಚಕರಿಗೆ ಕೆಲವು ಮಾತುಗಳು. ಮಳೆಗಾಲದಲ್ಲಿ ದೋಣಿಗಳು ನಿಲ್ಲುತ್ತವೆ. ಡಿಸೆಂಬರ್, ಜನವರಿ, ಫೆಬ್ರವರಿಗಳು ಉತ್ತಮ. ದ್ವೀಪದಲ್ಲಿ ತಂಗುವುದಕ್ಕೆ ಅವಕಾಶವಿಲ್ಲ; ಬೆಳಗಿನ ದೋಣಿಯಲ್ಲಿ ಹೋದರೆ ಬಿಸಿಲೂ ಜನಸಂದಣಿಯೂ ಕಡಿಮೆ. ಊಟವನ್ನು ನಂಬಿ ಹೋಗಬಾರದು. ಕುಡಿಯುವ ನೀರು, ತಲೆಗೆ ನೆರಳು, ಜಾರದ ಪಾದರಕ್ಷೆ ಇವು ಜೊತೆಯಲ್ಲಿರಲಿ. ಒಯ್ದ ಸೀಸೆಗಳನ್ನೂ ಪೊಟ್ಟಣಗಳನ್ನೂ ಹಿಂದಕ್ಕೆ ತರಬೇಕು. ಕಂಬಗಳ ಮೇಲೆ ಹೆಸರು ಕೆತ್ತುವ ದುರಭ್ಯಾಸವು ನಮ್ಮ ಮಕ್ಕಳಿಗೆ ಬಾರದಿರಲಿ. ವೃದ್ಧರನ್ನು ಕರೆದೊಯ್ಯುವವರು ಅಂದಿನ ಉಬ್ಬರವಿಳಿತದ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಲಿ.

ಮಾರ್ಗದರ್ಶಿಯ ವಿಷಯದಲ್ಲಿಯೂ ಒಂದು ಮಾತುಂಟು. ಅವನ ಸಂಭಾವನೆಯನ್ನು ಮೊದಲೇ ಮಾತನಾಡಿಕೊಳ್ಳಿ. ಆದರೆ ಅದು ತೋರಿಸುವುದಕ್ಕೆ ಮಾತ್ರ ಕೊಡುವ ಹಣವೆಂದು ತಿಳಿಯಬೇಡಿ. ತೋರಿಸುವುದನ್ನು ಪುಸ್ತಕವೂ ಮಾಡಬಹುದು. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದನ್ನು ಆ ನೀರಿನ ನಡುವೆ ಹುಟ್ಟಿ ಬೆಳೆದವನೇ ಹೇಳಬೇಕು. ಅವನು ಬೇಡವೆಂದಾಗ ಸಂತೋಷದಿಂದ ಒಪ್ಪುವವರಿಗೆ ಮಾತ್ರ ಇಂಥ ಸ್ಥಳಗಳ ಪ್ರವಾಸವು ಹೇಳಿಸಿದ್ದು. ನಮ್ಮ ಮನೆಯ ಹಿರಿಯರು ದೋಣಿಯನ್ನು ಹತ್ತುವ ಮೊದಲೇ ಹಾಗೆ ಒಪ್ಪಿಕೊಂಡಿದ್ದರಿಂದಲೇ ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವರಿಗೆ ಆ ಅಲೆಗಳು ದೊರೆತವು. ಊರಿಗೆ ಬಂದ ಮರುದಿನ ನೆರೆಯ ದಂಪತಿಗಳು ವಿಚಾರಿಸಿದಾಗ, ಅವರು ಕೊಟ್ಟ ವಿವರವು ಇಷ್ಟೇ: "ಸಮುದ್ರ ಕಾಲಡಿಯ ನೆಲವನ್ನು ಎಳೆದುಕೊಳ್ಳುತ್ತದೆ, ಆದರೆ ಗಟ್ಟಿಯಾಗಿ ಹಿಡಿದುಕೊಳ್ಳುವವರು ಪಕ್ಕದಲ್ಲಿದ್ದರು."